ಮೋಹಿನಿಯಕ್ಕ ಬೇಡವೆಂದ ನಗು

ಕಾಪುವಿನ ತಾರಾನಾಥರು ಉಡುಪಿಯ ಒಂದು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸದಲ್ಲಿದ್ದರು. ಏಪ್ರಿಲ್, ಮೇ ತಿಂಗಳ ಭಾನುವಾರಗಳಲ್ಲಿ ಮಾತ್ರ ಅವರನ್ನು ಮನೆಯಲ್ಲಿ ಹುಡುಕಿ ಪ್ರಯೋಜನವಿರಲಿಲ್ಲ. ಬೆಳಿಗ್ಗೆ ಆರಕ್ಕೇ ಕ್ಯಾಮೆರಾ ಹೆಗಲಿಗೆ ಹಾಕಿ ಸ್ಕೂಟರ್ ಹತ್ತುತ್ತಿದ್ದರು. ಎಲ್ಲೂರೋ, ಬೆಳ್ಮಣ್ಣೋ, ಕುಕ್ಕುಂದೂರೋ, ಅಂಗಳದಲ್ಲಿ ಜನ ಕಂಡಲ್ಲಿ ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಇಲ್ಲಿಯ ಜನರ ಅರ್ಧ ಕೆಲಸ ಅಂಗಳದಲ್ಲೇ ನಡೆಯುತ್ತದೆ.

ಮೊದಲ ವರ್ಷ ಎಲ್ಲೂರಿನ ಅಣ್ಣು ಎಂಬವರು ನೀರು ಹರಿಯುವ ತೋಡಿನ ಕೆಸರು ತೆಗೆಯುತ್ತಿದ್ದಾಗ ತೆಗೆದ ಚಿತ್ರವನ್ನು ತಾರಾನಾಥರು ಫೋನಿನಲ್ಲಿ ನಾಲ್ಕು ಜನರಿಗೆ ಕಳಿಸಿದ್ದರು. ಅದು ಎಲ್ಲೆಲ್ಲೋ ಸುತ್ತಿ, ಮುಂಬಯಿಯ ನೆಂಟರ ಮೂಲಕ ಅಣ್ಣುವಿನ ಫೋನಿಗೇ ಬಂದು ಮುಟ್ಟಿತು. "ಮೈಯೆಲ್ಲ ಕೆಸರು, ಸೊಂಟದಲ್ಲಿ ಒಂದು ತುಂಡು ಬಟ್ಟೆ, ಬೈರಾಸು. ನನ್ನಲ್ಲಿ ಒಂದು ಮಾತು ಕೇಳಬಹುದಿತ್ತಲ್ಲ" ಎಂದರು ಅಣ್ಣು. ಅಂದಿನಿಂದ ತಾರಾನಾಥರು ಒಂದು ಕ್ರಮ ಇಟ್ಟುಕೊಂಡರು. ಫೋಟೋ ತೆಗೆದ ಮೇಲೆ ಜಗಲಿಯಲ್ಲಿ ಕೂತು ಫೋಟೋದಲ್ಲಿದ್ದವರಿಗೇ ಎಲ್ಲವನ್ನೂ ತೋರಿಸುವುದು. ಅವರು ಆರಿಸಿದ ಒಂದಕ್ಕೆ ಕ್ಯಾಮೆರಾದಲ್ಲಿ ಬೀಗದ ಗುರುತು ಹಾಕುವುದು. ಉಳಿದದ್ದನ್ನು ಅವರೆದುರೇ ಒಟ್ಟಿಗೆ ಅಳಿಸುವುದು. ಬೀಗ ಬಿದ್ದ ಚಿತ್ರ ಅಳಿಯುವುದಿಲ್ಲ. ಮುಂದಿನ ಭಾನುವಾರ ಅದರ ಪ್ರಿಂಟ್ ಮನೆಗೆ ಬರುತ್ತಿತ್ತು. ಒಂಬತ್ತು ವರ್ಷ ಈ ಕ್ರಮ ತಪ್ಪಲಿಲ್ಲ.

ತಪ್ಪಿದ್ದು ಬೆಳ್ಮಣ್‌ನಲ್ಲಿ, ಮೋಹಿನಿಯಕ್ಕನ ಅಂಗಳದಲ್ಲಿ. ಎಪ್ಪತ್ತು ದಾಟಿದ ಅವರು ಚಾಪೆಯ ತುಂಬ ಹಲಸಿನ ಹಪ್ಪಳ ಹರಡಿ, ಕೋಲು ಹಿಡಿದು ಕಾಗೆಗೆ ಬೈಯುತ್ತಿದ್ದರು. ಕಾಗೆ ಒಂದು ಹಪ್ಪಳ ಕಚ್ಚಿಕೊಂಡು ಹಾರಿದ್ದೇ ಅವರಿಗೆ ಸಿಟ್ಟಿನ ಬದಲು ನಗು ಬಂತು. ಬಾಯಲ್ಲಿ ಒಂದು ಹಲ್ಲೂ ಇಲ್ಲದ, ಕಣ್ಣು ಮುಚ್ಚಿಹೋದ ನಗು. ತಾರಾನಾಥರು ಬಟನ್ ಒತ್ತಿದರು.

ಆಮೇಲೆ ಮೋಹಿನಿಯಕ್ಕ ಒಳಗೆ ಹೋಗಿ, ಲೋಟದ ನೀರಿನಲ್ಲಿದ್ದ ಹಲ್ಲಿನ ಸೆಟ್ ಹಾಕಿ, ಸೀರೆ ಬದಲಿಸಿ ಬಂದು ತುಳಸಿಕಟ್ಟೆಯ ಪಕ್ಕ ನೆಟ್ಟಗೆ ನಿಂತರು. ಆರಿಸಿದ್ದೂ ಅದನ್ನೇ. "ಆ ಬೊಚ್ಚು ಬಾಯಿಯದ್ದು ಬೇಡ, ಅಳಿಸು."

ತಾರಾನಾಥರ ಹೆಬ್ಬೆರಳು ಎರಡು ಚಿತ್ರಗಳಿಗೆ ಬೀಗ ಹಾಕಿತು. "ಅಳಿಸಿದೆ ಅಕ್ಕ" ಎಂದರು.

ಕೆಲವು ತಿಂಗಳ ನಂತರ ಮಣಿಪಾಲದ ಗೆಳೆಯ ಲೆಸ್ಟರ್ ಹವ್ಯಾಸಿಗಳ ಫೋಟೋ ಪ್ರದರ್ಶನವೊಂದನ್ನು ಏರ್ಪಡಿಸಿದರು. ತಾರಾನಾಥರ ಚಿತ್ರಗಳು ಗೋಡೆಗೆ ಏರುವುದು ಅದೇ ಮೊದಲು. ಹನ್ನೆರಡು ಬೇಕಿತ್ತು. ಅವರು ಕಳಿಸಿದ್ದರಲ್ಲಿ ಮೋಹಿನಿಯಕ್ಕನ ನಗುವೂ ಇತ್ತು. ಆ ನಗು ಕಂಡದ್ದೇ ಲೆಸ್ಟರ್ ಉಳಿದದ್ದನ್ನು ನೋಡಲೇ ಇಲ್ಲ.

"ಇದು ಬಾಗಿಲ ಎದುರಿಗೆ, ಮೂರು ಅಡಿಯಷ್ಟು ದೊಡ್ಡದಾಗಿ. ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದೆ ಮಾರಾಯ?"

ಆ ಮಾತು ಕೇಳಬೇಕೆಂದು ತಾರಾನಾಥರು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದರು. ಕೇಳಿದ ಮೇಲೆ ನೆನಪಾದದ್ದು ಮೋಹಿನಿಯಕ್ಕನಿಗೆ ಹೇಳಿದ ಸುಳ್ಳು. ಭಾನುವಾರ ಒಂದು ಸಣ್ಣ ಪ್ರಿಂಟ್ ಹಿಡಿದು ಬೆಳ್ಮಣ್‌ಗೆ ಹೋದರು.

ಮೋಹಿನಿಯಕ್ಕ ಚಿತ್ರವನ್ನು ದೂರ ಹಿಡಿದು ನೋಡಿದರು. "ಅಳಿಸಿದೆ ಅಂತ ಹೇಳಿದ್ದು ನೀನೇ ಅಲ್ವಾ?"

"ಹೌದಕ್ಕ. ಸುಳ್ಳು ಹೇಳಿದೆ."

"ಈಗ ಎಂತಕ್ಕೆ ತಂದದ್ದು?"

ಅವರು ಪ್ರದರ್ಶನದ ವಿಷಯ ಹೇಳಿದರು. "ಎಲ್ಲಕ್ಕಿಂತ ಚಂದದ್ದು ಇದೇ ಅಂತ ಹೇಳ್ತಾರೆ. ನೀವು ಹೂಂ ಅಂದರೆ ಮಾತ್ರ ಹಾಕುವುದು."

"ಎಲ್ಲಿ, ಮಣಿಪಾಲದಲ್ಲಾ?" ಅವರ ದನಿ ಏರಿತು. "ಈ ಹಲ್ಲಿಗೆ ನಾನು ಏಳು ಸಲ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿದ್ದೇನೆ. ಹಲ್ಲಿನ ಡಾಕ್ಟರಿಕೆ ಕಲಿಯುವ ಹುಡುಗಿ, ಪಾಪ, ನನ್ನ ಒಸಡಿಗೆ ತಾಗುತ್ತದೆ ಅಂತ ಮತ್ತೆ ಮತ್ತೆ ಉಜ್ಜಿ ಸರಿ ಮಾಡಿ ಕೊಟ್ಟಳು. ಅವಳ ಊರಿನಲ್ಲೇ ನನ್ನನ್ನು ಬೊಚ್ಚು ಬಾಯಿಯಲ್ಲಿ ನೇತುಹಾಕುತ್ತೀಯಾ? ಅವಳು ನೋಡಿದರೆ ಎಂತ ಗ್ರಹಿಸುವುದು?"

ತಾರಾನಾಥರು ಕ್ಯಾಮೆರಾ ತೆಗೆದು, ಬೀಗದ ಗುರುತು ತೋರಿಸಿ, ಅದು ಇದ್ದರೆ ಚಿತ್ರ ಉಳಿಯುತ್ತದೆ ಎಂದು ವಿವರಿಸಿದರು. ಆಮೇಲೆ ಬೀಗ ತೆಗೆದು ಅಳಿಸಿದರು. ಮೋಹಿನಿಯಕ್ಕ ಅಷ್ಟಕ್ಕೆ ಬಿಡಲಿಲ್ಲ. "ಹಿಂದಿನದ್ದು ತೋರಿಸು. ಮುಂದಿನದ್ದು ತೋರಿಸು. ಕಂಪ್ಯೂಟರಿನಲ್ಲಿ ಉಂಟಾ?"

"ಉಂಟು. ಲೆಸ್ಟರ್ ಹತ್ತಿರವೂ ಉಂಟು. ಇವತ್ತೇ ಎರಡೂ ಕಡೆ ತೆಗೆಸುತ್ತೇನೆ."

"ಹೇಳಲಿಕ್ಕೆ ನಿನಗೆ ಬರುತ್ತದೆ" ಎಂದರು ಅವರು. ಪ್ರಿಂಟನ್ನು ಹರಿಯಲಿಲ್ಲ, ಒಲೆಗೂ ಹಾಕಲಿಲ್ಲ. ಜೀವ ಇರುವವರ ಫೋಟೋ ಸುಡಬಾರದಂತೆ. ಟ್ರಂಕಿನಲ್ಲಿ ಸೀರೆಗಳ ಅಡಿಗೆ ಹಾಕಿ ಮುಚ್ಚಳ ಮುಚ್ಚಿದರು.

ಪ್ರದರ್ಶನದಲ್ಲಿ ತಾರಾನಾಥರ ಹನ್ನೊಂದು ಚಿತ್ರಗಳಿದ್ದವು. ಲೆಸ್ಟರ್ ನಾಲ್ಕು ದಿನ ಮಾತು ಬಿಟ್ಟರು. ಬಾಗಿಲ ಎದುರಿನ ಜಾಗ ಬೇರೆಯವರಿಗೆ ಹೋಯಿತು. ತಾರಾನಾಥರಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ನಗು ಅವರಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಮರುವರ್ಷ ಏಪ್ರಿಲ್‌ನ ಮೊದಲ ಭಾನುವಾರ ಅವರು ನೇರ ಬೆಳ್ಮಣ್‌ಗೆ ಹೋದರು. ಹಪ್ಪಳ ಹರಡುತ್ತಿದ್ದ ಮೋಹಿನಿಯಕ್ಕ ತಲೆ ಎತ್ತಿ ನೋಡಿದರು. "ನಿಂತು ಎಂತ ಮಾಡ್ತಿ? ಆ ಬದಿಯ ಹಪ್ಪಳ ಮಗುಚು" ಎಂದರು.

ತಾರಾನಾಥರು ಕ್ಯಾಮೆರಾವನ್ನು ಸ್ಕೂಟರಿನ ಸೀಟಿನಡಿ ಇಟ್ಟು ಬಂದು ಚಾಪೆಯ ಬದಿಯಲ್ಲಿ ಕೂತರು.

"ನಡುವಿಗೆ ಕೈ ಹಾಕಬೇಡ, ಹರಿಯುತ್ತದೆ. ಅಂಚು ಹಿಡಿ."

ಅವರು ಅಂಚು ಹಿಡಿದರು.