ಅಂಚು ಕತ್ತರಿಸಿದ ಲಾಗ್‌ಬುಕ್

ಹಳೆಯ ಕಾಗದವನ್ನು ಚೆಂದ ಮಾಡಿಸಲು ಹೋಗಬೇಡಿ. ಹರಿದಿದ್ದರೆ ಹರಿದ ಹಾಗೆಯೇ ಒಯ್ದು ಅಧಿಕಾರಿಯ ಮೇಜಿನ ಮೇಲಿಡಿ. ನನಗೆ ಈ ಬುದ್ಧಿ ಬರುವಾಗ ತಡವಾಗಿತ್ತು.

ಹಳೆ ಮೋಟಾರುಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುತ್ತಲೇ ಚಾಮರಾಜಪೇಟೆಯಲ್ಲಿ ಒಂದು ಅಂಗಡಿ ಮಾಡಿಕೊಂಡವನು ನಾನು. ಮುಚ್ಚಿಹೋದ ಹಾರಾಟದ ಕ್ಲಬ್ಬೊಂದರ ಹರಾಜಿನಲ್ಲಿ ಎರಡು ಸೀಟಿನ ಹಳೆಯ ವಿಮಾನವೊಂದು ಸಿಕ್ಕಿತು. ಕೈ ಬದಲಾಯಿಸಿ ಲಾಭ ನೋಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ, ಅದನ್ನು ಒಂದು ಕಾಲದಲ್ಲಿ ನೋಡಿಕೊಳ್ಳುತ್ತಿದ್ದ ನಿವೃತ್ತ ಇಂಜಿನಿಯರು ಬಸವನಗುಡಿಯಿಂದ ಅಂಗಡಿ ಹುಡುಕಿಕೊಂಡು ಬಂದರು.

"ಮಾರ್ಬೇಡಿ. ಒಂದ್ಸಲ ಅದು ಮೇಲಕ್ಕೆ ಹೋಗೋದು ನೋಡ್ಬೇಕು. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಎರಡು ವರ್ಷ ಅವರು ಊರಾಚೆಯ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತು, ಲೈಸೆನ್ಸ್ ಇದ್ದವರ ಕೈಯಲ್ಲಿ ಎಂಜಿನ್ ಬಿಚ್ಚಿಸಿ ಕೂಡಿಸಿದರು. ಇನ್ನು ಬೇಕಾಗಿದ್ದುದು ಹಾರಲು ಯೋಗ್ಯ ಎಂಬ ಸರ್ಟಿಫಿಕೇಟ್ ಮಾತ್ರ. ಅದಕ್ಕೆ ಹಳೆಯ ಲಾಗ್‌ಬುಕ್ಕುಗಳನ್ನು ತೋರಿಸಬೇಕಿತ್ತು. ಯಾವ ಭಾಗ ಯಾವಾಗ ಹಾಕಿದರು, ಯಾರು ಪರೀಕ್ಷಿಸಿದರು ಎಂಬುದೆಲ್ಲ ಅವುಗಳಲ್ಲಿತ್ತು. ಆದರೆ ಹೊಲಿಗೆ ಬಿಟ್ಟು, ಮೂಲೆ ಮುರಿದು, ಹಿಡಿದರೆ ಉದುರುವಂತಿದ್ದವು.

ಅಧಿಕಾರಿ ಫೈಲನ್ನು ಮೊದಲು ನೋಡುತ್ತಾನೆ, ಆಮೇಲೆ ಓದುತ್ತಾನೆ. ಇದು ನನ್ನ ಲೆಕ್ಕಾಚಾರ. ಇಂಜಿನಿಯರಿಗೆ ಹೇಳದೆ ನಾಲ್ಕೂ ಪುಸ್ತಕಗಳನ್ನು ಅವೆನ್ಯೂ ರಸ್ತೆಯ ಬೈಂಡರನ ಬಳಿಗೆ ಒಯ್ದೆ.

"ರೆಕ್ಸಿನ್ ಹಾಕಿ, ಮೇಲೆ ಚಿನ್ನದ ಅಕ್ಷರ. ಮುರಿದಿರೋ ಅಂಚೆಲ್ಲ ಹೋಗೋ ಹಾಗೆ ನೀಟಾಗಿ ಕತ್ತರಿಸ್ಬೇಕು. ಅದಕ್ಕೆ ಬೇರೆ ಕಾಸು ಕೇಳ್ಬೇಡಿ."

"ಹಂಗಾದ್ರೆ ಅಂಚು ಹಂಗೇ ಬಿಡ್ತೀನಿ ಸ್ವಾಮಿ. ಲೈಬ್ರರಿಯವ್ರೂ ಹಳೇದ್ರ ಅಂಚು ಮುಟ್ಟಿಸಲ್ಲ."

"ಲೈಬ್ರರಿಯೋರಿಗೆ ವ್ಯಾಪಾರ ಗೊತ್ತಾ? ನಾಲ್ಕು ಪುಸ್ತಕ ಕೊಡ್ತಿದೀನಿ, ಅಷ್ಟೂ ಮಾಡಲ್ವಾ?"

ಅರ್ಧ ಗಂಟೆ ಚೌಕಾಸಿ ಮಾಡಿ ಗೆದ್ದೆ.

ವಾರದ ಮೇಲೆ ಪುಸ್ತಕಗಳನ್ನು ಇಂಜಿನಿಯರ ಮುಂದಿಟ್ಟೆ. ಅವರು ಚಿನ್ನದ ಅಕ್ಷರದ ಕಡೆ ನೋಡಲಿಲ್ಲ. ಒಂದು ಪುಟ ತೆರೆದು, ಬಲಗಡೆಯ ಅಂಚಿನ ಗುಂಟ ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದರು. ಇನ್ನೊಂದು ಪುಟ. ಮತ್ತೊಂದು.

"ಸಹಿ ಎಲ್ರೀ?"

ಪ್ರತಿ ಸಾಲಿನ ಕೊನೆಗೆ ಇರಬೇಕಾದ ಸಹಿ, ಲೈಸೆನ್ಸ್ ನಂಬರು ಎರಡನ್ನೂ ಬೈಂಡರನ ಯಂತ್ರ ಕತ್ತರಿಸಿ ಹಾಕಿತ್ತು. ಅಲ್ಲಲ್ಲಿ ಸಹಿಯ ಮೊದಲ ಗೀಟು ಮಾತ್ರ ಉಳಿದಿತ್ತು. ಹೆಚ್ಚಿನ ಸಹಿಗಳು ಇಂಜಿನಿಯರವೇ.

ಅವೆನ್ಯೂ ರಸ್ತೆಗೆ ಓಡಿದೆ. ಚೂರುಗಳೆಲ್ಲ ಕತ್ತರಿಸಿದ ದಿನವೇ ಮೂಟೆಯಾಗಿ ಗುಜರಿಗೆ ಹೋಗಿದ್ದವು. ಗುಜರಿಯಿಂದ ಕಾಗದ ಎಲ್ಲಿಗೆ ಹೋಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಾಪಸ್ಸು ಬಂದು ಇಂಜಿನಿಯರಿಗೆ ಹೇಳಿದೆ: "ನಿಮ್ ಸಹಿನೇ ತಾನೇ ಸಾರ್, ಇನ್ನೊಂದ್ಸಲ ಹಾಕ್ಬಿಡಿ."

"ಈಗ ನಂಗೆ ಲೈಸೆನ್ಸ್ ಇಲ್ಲ. ಇವತ್ತು ಹಾಕಿ, ಅವತ್ತೇ ಹಾಕ್ದೆ ಅನ್ಲಾ? ಅಂಥಾ ಸಹಿ ಹಾಕೋನಾಗಿದ್ರೆ ಆ ವಿಮಾನದಲ್ಲಿ ಕೂತೋರು ಕೆಳಗಿಳಿದು ನಡ್ಕೊಂಡು ಮನೆಗೆ ಹೋಗ್ತಿದ್ರಾ?"

ಫೈಲು ಹಾಗೆಯೇ ಹೋಯಿತು, ಹಾಗೆಯೇ ಹಿಂದಕ್ಕೆ ಬಂತು. ಸಹಿ ಇಲ್ಲದ ಭಾಗಗಳನ್ನೆಲ್ಲ ಹೊಸದು ಹಾಕಿ ಎಂದು ಬರೆದಿದ್ದರು. ಆ ಭಾಗಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಇನ್ನೊಂದು ಅರ್ಜಿ ಹಾಕಿದ್ದೇನೆ. ಅದರ ಉತ್ತರ ನನಗೆ ಗೊತ್ತು.

ಮೊನ್ನೆ ಇಂಜಿನಿಯರನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಚಕ್ರಗಳಿಗೆ ಅಡ್ಡ ಮರದ ತುಂಡು ಕೊಟ್ಟು ಎಂಜಿನ್ ಚಾಲೂ ಮಾಡಿಸಿದೆ. ಅವರು ಸ್ಟೂಲಿನ ಮೇಲೆ ಕೂತು ತಲೆ ಬಾಗಿಸಿ ಸದ್ದು ಕೇಳಿದರು.

"ಚೆನ್ನಾಗಿದೆ," ಎಂದರು. ಸ್ಟೂಲಿನಿಂದ ಎದ್ದು, "ಎಂಜಿನ್ ಆರ್ಸಿ. ಪೆಟ್ರೋಲ್ ದಂಡ," ಎಂದರು.