ಕಪಾಟಿನಲ್ಲಿ ಉಳಿದ ಪೊಟ್ಟಣಗಳು

ಹುಬ್ಬಳ್ಳಿಯ ಒಳಉಡುಪಿನ ಅಂಗಡಿಯಲ್ಲಿ, ಮಾಲಕಿ ಕಾಕೂ ಕಪಾಟು ತೆರೆದು ನನ್ನ ಹೆಸರಿನ ಪೊಟ್ಟಣ ಹುಡುಕುತ್ತಿದ್ದರು. ಹಾಲು ತುಂಬಿದಾಗ ಬಿಗಿಯಾಗದ, ಮುಂದೆ ಬಿಚ್ಚುವ ಹತ್ತಿಯ ಬ್ರಾ ಅದು. ಬಸುರಿಯಾಗಿದ್ದಾಗಲೇ ಆರಿಸಿದ್ದೆ. ಕೂಸು ಹುಟ್ಟುವ ಮೊದಲು ಅಂಥದ್ದನ್ನು ಮನೆಗೆ ತರಬಾರದೆಂದು ಅತ್ತೆ ಹೇಳಿದ್ದರಿಂದ ಅಲ್ಲೇ ಬಿಟ್ಟಿದ್ದೆ.

ನನ್ನದರ ಹಿಂದೆ ಇನ್ನೂ ಕೆಲವು ಪೊಟ್ಟಣಗಳಿದ್ದವು. ಅವುಗಳ ಹೆಸರಿನ ಚೀಟಿಗಳು ಹಳದಿಗಟ್ಟಿದ್ದವು.

“ಇವನ್ನ ಯಾಕ ಒಯ್ದಿಲ್ರಿ, ಕಾಕೂ?” ಎಂದೆ.

ಅವರು ನನ್ನ ತೋಳಿನಲ್ಲಿದ್ದ ಮಗಳನ್ನು ನೋಡಿ ದನಿ ತಗ್ಗಿಸಿದರು. “ನಿನ್ಹಂಗ ಬಸುರಿದ್ದಾಗ ಆರಿಸಿಟ್ಟು ಹೋದವ್ರು. ಒಯ್ಯಾಕ ಯಾರೂ ಬರಲಿಲ್ಲವ್ವಾ. ನಾನೂ ಕೇಳಾಕ ಹೋಗಲಿಲ್ಲ. ಬ್ಯಾರೇದವ್ರಿಗೆ ಮಾರಾಕ ಮನಸ್ಸ ಬರೂದಿಲ್ಲ.”

ಕಪಾಟು ಮುಚ್ಚುವಾಗ ನನ್ನ ಪೊಟ್ಟಣವಿದ್ದ ಜಾಗವೊಂದೇ ಖಾಲಿ ಕಂಡಿತು. ಬ್ರಾ ಎದೆಗೆ ಹಿತವಾಗಿದೆ. ಆದರೂ ಹಾಲೂಡಿಸಲು ಕೂತಾಗಲೆಲ್ಲ, ಹುಕ್ಕು ಬಿಚ್ಚುವ ಮುನ್ನ, ಮಗಳ ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ.