ಸಲಾಲಾಕ್ಕೆಂದು ಉಳಿಸಿದ ಮೊಂಬತ್ತಿ

ಇಸಾಬೆಲ್ಲಾ ಲೋಬೊ ದೇವರನ್ನು ಐದು ತಿಂಗಳು ಕಾಯಿಸಿದಳು. ಅದೂ ದೊಡ್ಡ ಕಾರಣಕ್ಕಲ್ಲ, ಮಳೆ ನೋಡುವ ಆಸೆಗೆ. ಅಷ್ಟರಲ್ಲಿ ಯಾರಿಗಾಗಿ ಹರಕೆ ಹೊತ್ತಿದ್ದಳೋ ಆ ತಂಗಿಯೇ ಹೋಗಿಬಿಟ್ಟಳು.

ಅವಳು ಉಡುಪಿ ಕಡೆಯ ಶಿರ್ವದವಳು. ವಯಸ್ಸು ಐವತ್ತನಾಲ್ಕು. ಮಸ್ಕತ್ತಿನ ಒಂದು ಕಟ್ಟಡ ಕಂಪನಿಯಲ್ಲಿ ಇಪ್ಪತ್ತೇಳು ವರ್ಷದಿಂದ ಅಡ್ಮಿನ್ ಕೆಲಸ. ಇನ್ನೂರು ಚಿಲ್ಲರೆ ನೌಕರರ ರಜೆ, ವೀಸಾ, ವಿಮಾನದ ಟಿಕೆಟ್ ಎಲ್ಲವೂ ಅವಳ ಮೇಜಿನಿಂದಲೇ ಹೊರಡಬೇಕು. ಮ್ಯಾನೇಜರನ ಸಂಸಾರವನ್ನು ಗುಲಾಬಿ ಹೂವಿನ ಕಾಲಕ್ಕೆ ಜಬಲ್ ಅಖ್ದರ್ ಬೆಟ್ಟಕ್ಕೆ ಕಳಿಸಿದವಳು ಅವಳು, ಇಂಜಿನಿಯರುಗಳನ್ನು ಅವರ ಹನಿಮೂನಿಗೆ ವಿಮಾನ ಹತ್ತಿಸಿದವಳೂ ಅವಳೇ. ತಾನು ಮಾತ್ರ ಮತ್ರಾದ ಒಂದು ಕಿರುಗಲ್ಲಿಯ ಬಾಡಿಗೆ ಕೋಣೆ, ಆಫೀಸು, ರೂವಿಯ ಇಗರ್ಜಿ ಈ ಮೂರರ ನಡುವೆ ಸುತ್ತಿಕೊಂಡಿದ್ದಳು. ಊರಿಗೆ ಹೋಗುವುದು ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿಗೆ. ಜೂನ್, ಜುಲೈ ರಜೆಯೆಲ್ಲ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಮೀಸಲು. ಮದುವೆಯಾಗದ ಹೆಂಗಸಿಗೆ ಯಾವ ತಿಂಗಳಾದರೇನು ಎಂದು ಬಂದ ಮ್ಯಾನೇಜರುಗಳೆಲ್ಲ ಒಂದೇ ರಾಗ ಹಾಡಿದರು. ಅವಳೂ ಹೂಂ ಎಂದಳು. ಹಾಗೆ ಹೂಂ ಎನ್ನುತ್ತಾ ಇಪ್ಪತ್ತೇಳು ಮಳೆಗಾಲ ಅವಳ ಕೈತಪ್ಪಿ ಹೋಗಿದ್ದವು.

ಮದುವೆ ಯಾಕಾಗಲಿಲ್ಲ ಎಂದರೆ, ಅಪ್ಪ ತೀರಿಕೊಂಡಾಗ ತಂಗಿ ಲಿಲ್ಲಿ ಇನ್ನೂ ಹೈಸ್ಕೂಲಿನಲ್ಲಿದ್ದಳು. ಅವಳನ್ನು ಓದಿಸಿ, ಟೀಚರ್ ಮಾಡಿ, ಶಂಕರಪುರದ ಮಲ್ಲಿಗೆ ಬೆಳೆಗಾರ ಎಲಿಯಾಸನಿಗೆ ಕೊಟ್ಟು ಮದುವೆ ಮಾಡಿಸಿ ತಿರುಗಿ ನೋಡುವಾಗ ಇಸಾಬೆಲ್ಲಾಳಿಗೆ ಮೂವತ್ತೈದು ಸಮೀಪಿಸಿತ್ತು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ, ಅವಳೂ ಯಾರನ್ನೂ ಕೇಳಲಿಲ್ಲ.

ಹೋದ ಜನವರಿಯಲ್ಲಿ, ಅವಳು ಊರಿನಿಂದ ಮರಳಿ ಎರಡು ವಾರ ಆಗಿತ್ತಷ್ಟೆ, ಲಿಲ್ಲಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಇಸಾಬೆಲ್ಲಾ ಆವತ್ತೇ ರಜೆ ಬರೆಯಲು ಕೂತಳು. ಲಿಲ್ಲಿ ಫೋನಿನಲ್ಲಿ ಬೈದೇಬಿಟ್ಟಳು.

"ಈಗ ಬಂದು ಎಂತ ಮಾಡ್ತಿ ಅಕ್ಕಾ? ಟ್ರೀಟ್‌ಮೆಂಟ್ ಶುರು ಆಗಿದೆ, ಡಾಕ್ಟರ್ ಒಳ್ಳೇದಾಗ್ತದೆ ಅಂತ ಹೇಳಿದ್ದಾರೆ. ನೀನು ಬಂದು ಅಳ್ತಾ ಕೂತ್ರೆ ನನಗೆ ನಿನ್ನನ್ನು ನೋಡಿಕೊಳ್ಳುವುದೇ ಒಂದು ಕೆಲಸ. ಅಲ್ಲೇ ಇದ್ದು ಪ್ರಾರ್ಥನೆ ಮಾಡು ಮಾರಾಯ್ತಿ."

ಪ್ರಾರ್ಥನೆ ಎಂದರೆ ಇಸಾಬೆಲ್ಲಾಳಿಗೆ ಬಾಯಿಮಾತಿನದ್ದು ಸಾಲದು, ಮೈಗೆ ಸ್ವಲ್ಪ ನೋವಾಗಬೇಕು. ಒಮಾನಿನಲ್ಲಿರುವ ನಾಲ್ಕೂ ಕಥೊಲಿಕ್ ಇಗರ್ಜಿಗಳಿಗೆ ಒಬ್ಬಳೇ ಹೋಗಿ, ಒಂದೊಂದರಲ್ಲಿ ಒಂದೊಂದು ಮೊಂಬತ್ತಿ ಹಚ್ಚುತ್ತೇನೆ ಎಂದು ಹರಕೆ ಹೊತ್ತಳು. ಯಾರ ಕಾರೂ ಹತ್ತುವುದಿಲ್ಲ, ಯಾರ ಜೊತೆಯೂ ಬೇಡ. ನಾಲ್ಕು ದಪ್ಪ ಮೊಂಬತ್ತಿ ತಂದು, ಹಳೆಯ ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು.

ಮೊದಲನೆಯದು ರೂವಿ. ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿಗೆ ಹರಕೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ, ಒಂದು ಶುಕ್ರವಾರ ಮತ್ರಾದಿಂದ ಬೋಳು ಗುಡ್ಡಗಳ ಮಗ್ಗುಲಿನಲ್ಲಿ ನಡೆದೇ ಹೋದಳು. ಶುಕ್ರವಾರವೇ ಇಲ್ಲಿಯ ಭಾನುವಾರ, ಇಗರ್ಜಿ ತುಂಬಿತ್ತು. ಮಾರನೆಯ ವಾರ ಘಾಲಾಕ್ಕೆ ಬಸ್ಸಿನಲ್ಲಿ ಹೋದಳು. ಮೂರನೆಯದು ಸೊಹಾರ್. ಫೆಬ್ರವರಿ ನಡುವಿನಲ್ಲಿ ಎರಡು ದಿನ ರಜೆ ಹಾಕಿದಳು. ಕಡಲ ತೀರದ ರಸ್ತೆಯ ಒಂದು ಬದಿ ಖರ್ಜೂರದ ತೋಟ, ಇನ್ನೊಂದು ಬದಿ ದೂರದಲ್ಲಿ ಹಜರ್ ಬೆಟ್ಟಗಳ ಸಾಲು. ಬೆಳಿಗ್ಗೆ ಕಂದು ಬಣ್ಣದಲ್ಲಿದ್ದ ಬೆಟ್ಟ ಮಧ್ಯಾಹ್ನಕ್ಕೆ ನೇರಳೆಯಾದದ್ದನ್ನು ಅವಳು ಕಿಟಕಿಗೆ ಹಣೆ ಆನಿಸಿಕೊಂಡು ನೋಡಿದಳು. ಇಷ್ಟು ವರ್ಷ ನಾನು ಈ ದೇಶದಲ್ಲಿ ಇದ್ದೆನಾ ಇಲ್ಲವಾ ಎಂದು ಅವಳಿಗೇ ಅನುಮಾನ ಬಂತು. ತಂಗಿಗೆ ಕಾಯಿಲೆ ಎಂದು ಹೊರಟವಳಿಗೆ ದಾರಿ ಹಿಡಿಸಿಬಿಟ್ಟಿತ್ತು. ಅದನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ.

ಸೊಹಾರಿನಲ್ಲಿ ಸಂತ ಅಂತೋನಿಯ ಮುಂದೆ ಮೊಂಬತ್ತಿ ಹಚ್ಚಿ, ರಾತ್ರಿ ತಂಗಲು ಹತ್ತಿರದ ಸಹಮ್‌ಗೆ ಬಂದಳು. ಅಲ್ಲಿ ಅವಳ ಆಫೀಸಿನಲ್ಲಿ ಹಿಂದೆ ಕೆಲಸ ಮಾಡಿದ್ದ ಕಾಪುವಿನ ಪ್ರೇಮನಾಥ ತರಕಾರಿ ಅಂಗಡಿ ಇಟ್ಟಿದ್ದ. ಊಟಕ್ಕೆ ಬಡಿಸುತ್ತಾ ಅವನ ಹೆಂಡತಿ ಲೋಲಾಕ್ಷಿ ಕೇಳಿದಳು:

"ಇನ್ನು ಸಲಾಲಾ ಒಂದು ಬಾಕಿ ಅಲ್ವಾ? ಯಾವಾಗ ಹೋಗುದು?"

"ಬರುವ ತಿಂಗಳು, ಮಾರ್ಚಿನಲ್ಲಿ."

"ಅಯ್ಯೋ, ಮಾರ್ಚಿನಲ್ಲಿ ಎಂತ ಉಂಟು ಅಲ್ಲಿ? ಜುಲೈಯಲ್ಲಿ ಹೋಗಿ ಇಸಾಬೆಲ್ಲಕ್ಕ. ಖರೀಫ್ ಅಂದ್ರೆ ಅಲ್ಲಿಯ ಮಳೆಗಾಲ. ಗುಡ್ಡೆ ಇಡೀ ಹಸಿರು, ಮಂಜು, ಸಣ್ಣ ಮಳೆ. ನಮ್ಮ ಊರೇ! ನಾನು ಹೋದಾಗ ಕೊಡೆ ಬೇಡ ಅಂತ ಒದ್ದೆ ಆಗಿ ತಿರುಗಿದ್ದೆ. ಸಾವಿರ ಕಿಲೋಮೀಟರ್ ಹೋಗುದು ಬರಿ ಮರುಭೂಮಿ ನೋಡ್ಲಿಕ್ಕಾ?"

ಆ ರಾತ್ರಿ ಇಸಾಬೆಲ್ಲಾಳಿಗೆ ನಿದ್ದೆ ಹತ್ತಲಿಲ್ಲ. ಲಿಲ್ಲಿ ಚೆನ್ನಾಗಿಯೇ ಇದ್ದಾಳಲ್ಲ, ಫೋನಿನಲ್ಲಿ ನಗುತ್ತಾಳೆ, ಮೊನ್ನೆ ಗಂಜಿ ಊಟ ಸೇರಿತು ಎಂದಳು. ದೇವರು ಓಡಿಹೋಗುತ್ತಾನೆಯೇ? ಬೆಳಿಗ್ಗೆ ಅವಳು ಲಿಲ್ಲಿಗೆ ಫೋನ್ ಮಾಡಿ, ಸುತ್ತಿ ಬಳಸಿ, ಕೊನೆಗೆ ಹೇಳಿದಳು. "ಸಲಾಲಾದಲ್ಲಿ ಜುಲೈಗೆ ಮಳೆ ಬರ್ತದಂತೆ. ನನಗೆ ಒಂದು ಸಲ ನೋಡ್ಬೇಕು ಅಂತ ಉಂಟು. ಆಗ ಹೋದ್ರೆ ಸಾಕಾ?" ಆ ಕಡೆಯಿಂದ ಲಿಲ್ಲಿ, "ಆಗಲೇ ಹೋಗು ಅಕ್ಕಾ, ಖಂಡಿತ ಆಗಲೇ ಹೋಗು" ಎಂದಳು.

ನಾಲ್ಕನೆಯ ಮೊಂಬತ್ತಿ ಟವೆಲಿನಲ್ಲೇ ಉಳಿಯಿತು. ಮೇ ಒಂಬತ್ತಕ್ಕೆ ಲಿಲ್ಲಿ ತೀರಿಕೊಂಡಳು.

ಇಸಾಬೆಲ್ಲಾ ತಲುಪುವಾಗ ಪೆಟ್ಟಿಗೆ ಅಂಗಳದಲ್ಲಿತ್ತು. ಎಲಿಯಾಸ್ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಶೆರ್ಲಿನ್ ಅವಳ ಭುಜಕ್ಕೆ ತಲೆಯಿಟ್ಟು ಅತ್ತಳು. ಬಂದವರೆಲ್ಲ "ದೇವರ ಇಚ್ಛೆ" ಎಂದರು. ಎಷ್ಟು ಸಲೀಸಾಗಿ ಹೇಳುತ್ತಾರೆ ಜನ! ದೇವರ ಇಚ್ಛೆ ಮೊದಲಿನಿಂದಲೂ ಹೀಗೇ ಇತ್ತೋ, ಅಥವಾ ನಾನು ಜುಲೈವರೆಗೆ ತಾಳು ಎಂದ ಮೇಲೆ ಹೀಗಾಯಿತೋ? ಯಾರನ್ನು ಕೇಳುವುದು? ಅಳಬೇಕಾದ ಇಸಾಬೆಲ್ಲಾ ಅಳಲಿಲ್ಲ. ಅಪರಾಧಿಗೆ ಅಳುವ ಹಕ್ಕಿಲ್ಲ ಎಂಬಂತೆ ಮೂಲೆಯಲ್ಲಿ ಕೂತಿದ್ದಳು. ಏಳನೆಯ ದಿನದ ಪೂಜೆ ಮುಗಿಸಿ ಮಸ್ಕತ್ತಿಗೆ ಬಂದಳು, ಮತ್ತೆ ಬೇರೆಯವರ ಟಿಕೆಟ್ ಮಾಡಿಸತೊಡಗಿದಳು.

ಜುಲೈ ಬಂತು. ಸತ್ತವಳ ಆರೋಗ್ಯಕ್ಕಾಗಿ ಹೊತ್ತ ಹರಕೆಯನ್ನು ತೀರಿಸಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಆದರೆ ಕಪಾಟು ತೆರೆದಾಗಲೆಲ್ಲ ಮೊಂಬತ್ತಿ ಕಣ್ಣಿಗೆ ಬೀಳುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಜುಲೈಯಲ್ಲಿ ರಜೆ ಬೇಕು ಎಂದು ಬರೆದುಕೊಟ್ಟಳು. ಹೊಸ ಮ್ಯಾನೇಜರ್ ಮರುಮಾತಾಡದೆ ಸಹಿ ಹಾಕಿದ. ಇಷ್ಟು ಸುಲಭವಾಗಿತ್ತೇ ಎಂದು ಅವಳಿಗೆ ಸಿಟ್ಟೇ ಬಂತು.

ಸಲಾಲಾದ ಬೆಳಗಿನ ಬಸ್ಸು ನಿಝ್ವಾ ದಾಟಿತು, ಬೆಟ್ಟಗಳು ಹಿಂದೆ ಉಳಿದವು. ಆಮೇಲೆ ಇಡೀ ದಿನ ಬಯಲು. ನೆರಳಿಲ್ಲ, ಊರಿಲ್ಲ, ನೋಡಿದಷ್ಟೂ ಬೂದು ಮಣ್ಣು. ಪಕ್ಕದ ಸೀಟಿನ ಫಿಲಿಪ್ಪೀನಿನ ನರ್ಸ್ ಮಲಗಿಬಿಟ್ಟಳು. ಇಸಾಬೆಲ್ಲಾ ಜಪಮಾಲೆ ಹಿಡಿದು, ಪ್ರಾರ್ಥನೆ ನಡುವೆ ಮರೆತು, ಮತ್ತೆ ಮೊದಲಿನಿಂದ ಶುರುಮಾಡುತ್ತಾ ಹೋದಳು. ಸಂಜೆ ಥುಮ್ರೈತ್ ಕಳೆದು ಬಸ್ಸು ಬೆಟ್ಟ ಇಳಿಯತೊಡಗಿತು. ಒಂದು ತಿರುವಿನಲ್ಲಿ ಕಂದು ಬಣ್ಣ ಮುಗಿದು ಹಸಿರು ಶುರುವಾಯಿತು, ಗಾಜಿನ ಮೇಲೆ ಹನಿ ಕೂತಿತು. ಬಸ್ಸಿನವರೆಲ್ಲ ಹೋ ಎಂದು ಮೊಬೈಲ್ ಎತ್ತಿದರು. ಇಸಾಬೆಲ್ಲಾ ಕಣ್ಣು ಮುಚ್ಚಿಕೊಂಡಳು. ಅವಳಿಗೆ ಅದನ್ನು ನೋಡಲು ಮನಸ್ಸಾಗಲಿಲ್ಲ.

ಮಾರನೆಯ ದಿನ ಶುಕ್ರವಾರ. ಬೆಳಿಗ್ಗೆ ಇಗರ್ಜಿಗೆ ಹೋಗಿ, ಪೂಜೆಗೆ ಮೊದಲು ಪಾಪನಿವೇದನೆಗೆ ಮೊಣಕಾಲೂರಿದಳು. ಪಾದ್ರಿ ಚಿಕ್ಕ ವಯಸ್ಸಿನವರು. ತನ್ನ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು: ಹರಕೆ, ಲೋಲಾಕ್ಷಿಯ ಮಾತು, ಮಳೆಯ ಆಸೆ, ತಂಗಿಯ ಸಾವು. ಅವರು ಸಮಾಧಾನವಾಗಿ ಕೇಳಿ, ಇದು ಪಾಪವೇ ಅಲ್ಲ, ದೇವರು ಹಾಗೆಲ್ಲ ದಿನ ಎಣಿಸುವುದಿಲ್ಲ ಎಂದರು. ಮೂರು ಸಲ 'ನಮೋ ಮರಿಯ' ಪ್ರಾರ್ಥನೆ ಹೇಳಲು ತಿಳಿಸಿದರು. ಮೂರೇ! ಮನೆಯ ಮಕ್ಕಳು ಸಕ್ಕರೆ ಕದ್ದರೆ ಕೊಡುವ ಪ್ರಾಯಶ್ಚಿತ್ತ. ಬೈಸಿಕೊಳ್ಳಲೆಂದು ಸಾವಿರ ಕಿಲೋಮೀಟರ್ ಬಂದವಳಿಗೆ ಅವರ ಒಳ್ಳೆಯತನವೇ ಕಷ್ಟವಾಯಿತು. ಮೊಂಬತ್ತಿ ಹಚ್ಚಿದಳು. ಏನು ಬೇಡುವುದೆಂದು ತೋಚದೆ, "ಇಕೋ ತಂದಿದ್ದೇನೆ" ಎಂದಷ್ಟೇ ಹೇಳಿ ಹೊರಗೆ ಬಂದಳು.

ಮಧ್ಯಾಹ್ನ ಟ್ಯಾಕ್ಸಿ ಹಿಡಿದು ದರ್ಬಾತ್ ಕಣಿವೆಗೆ ಹೋದಳು. ದಾರಿಯಲ್ಲಿ ತೆಂಗು, ಬಾಳೆ, ಎಳನೀರು ಬೊಂಡದ ಅಂಗಡಿಗಳ ಸಾಲು. ಕಣಿವೆಯಲ್ಲಿ ಹಸಿರು ಗುಡ್ಡ, ತುಂಬಿದ ನೀರು, ಮಂಜಿನೊಳಗಿಂದ ಒಂದೊಂದಾಗಿ ಇಳಿದು ಬರುವ ಒಂಟೆಗಳು. ಒಮಾನಿ ಸಂಸಾರಗಳು ಚಾಪೆ ಹಾಸಿ, ಮಳೆಯಲ್ಲೇ ಚಹಾ ಕುಡಿಯುತ್ತಾ ಕೂತಿದ್ದವು. ಲೋಲಾಕ್ಷಿ ಒಂದು ಮಾತೂ ಸುಳ್ಳು ಹೇಳಿರಲಿಲ್ಲ. ಸಣ್ಣ ಮಳೆ ಅವಳ ಕೂದಲಿನ ಮೇಲೆ, ಕನ್ನಡಕದ ಮೇಲೆ ಬಿತ್ತು. ಎಷ್ಟು ಚಂದವಿತ್ತೆಂದರೆ ಅವಳಿಗೆ ತಡೆಯಲಾಗಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಶೆರ್ಲಿನ್‌ಗೆ ಫೋನ್ ಮಾಡಿದಳು.

"ಶೆರ್ಲಿನ್, ನಿನಗೊಂದು ವಿಷಯ ಹೇಳ್ಲಿಕ್ಕುಂಟು. ನಿನ್ನ ಮಮ್ಮಿ ಹೋದದ್ದು ನನ್ನಿಂದ."

"ಎಂತ ಹೇಳ್ತೀರಿ ಮಾವ್ಶಿ?"

ಇಸಾಬೆಲ್ಲಾ ಪಾದ್ರಿಗೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದಳು. ಶೆರ್ಲಿನ್ ಅಳುವ ದನಿಯಲ್ಲಿ ಶುರುಮಾಡಿದಳು.

"ಇಲ್ಲ ಮಾವ್ಶಿ. ಡಾಕ್ಟರ್ ಜನವರಿಯಲ್ಲೇ ಹೇಳಿದ್ರು, ಹೆಚ್ಚು ಅಂದ್ರೆ ಆರು ತಿಂಗಳು ಅಂತ. ನಿಮಗೆ ಹೇಳ್ಬೇಡಿ ಅಂತ ಮಮ್ಮಿ ನಮ್ಮ ಹತ್ರ ಪ್ರಾಮಿಸ್ ಮಾಡಿಸಿದ್ರು. ಆದ್ರೂ ಫೆಬ್ರವರಿಯಲ್ಲಿ ಡ್ಯಾಡಿ ನಿಮಗೆ ಹೇಳುವ ಅಂತ ಹೊರಟಿದ್ರು. ಆವತ್ತೇ ನೀವು ಫೋನ್ ಮಾಡಿ ಸಲಾಲಾದ ಮಳೆ ನೋಡ್ಬೇಕು ಅಂದ್ರಿ. ಫೋನ್ ಇಟ್ಟು ಮಮ್ಮಿ ಎಷ್ಟು ಖುಷಿ ಪಟ್ರು ಗೊತ್ತುಂಟಾ? 'ಅಕ್ಕ ಹುಟ್ಟಿದ ಮೇಲೆ ಮೊದಲ ಸಲ ನನಗೆ ಇಂಥದ್ದು ಬೇಕು ಅಂತ ಹೇಳಿದ್ದು, ಅದನ್ನು ಯಾರೂ ಹಾಳು ಮಾಡ್ಬೇಡಿ' ಅಂದ್ರು. 'ನಾನು ಜುಲೈವರೆಗೆ ಹೇಗಾದ್ರೂ ಇರ್ತೇನೆ, ಅವಳು ಮಳೆ ನೋಡಿ ಬರಲಿ, ಮತ್ತೆ ಹೇಳುವ' ಅಂತ ಹೇಳಿದ್ರು. ಇರ್ತೇನೆ ಅಂತಲೇ ಮಾಡಿದ್ರು ಮಾವ್ಶಿ. ಆಗ್ಲಿಲ್ಲ."

ಹಾಗಾದರೆ ದೇವರು ಮುನಿದದ್ದಲ್ಲ. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಅಪರಾಧ ಒಂದೇ ಮಾತಿಗೆ ಎದ್ದುಹೋಯಿತು. ಹೋಗಬಾರದಿತ್ತು ಅನ್ನಿಸಿತು ಅವಳಿಗೆ, ಯಾಕೆಂದರೆ ಅದರ ಜಾಗದಲ್ಲಿ ಬಂದು ಕೂತದ್ದು ಅದಕ್ಕಿಂತ ಭಾರವಾಗಿತ್ತು. ಇಸಾಬೆಲ್ಲಾಳಿಗೆ ಕೆಂಡದಂಥ ಸಿಟ್ಟು ಬಂತು.

"ಯಾರು ಕೇಳಿದ್ದು ಅವಳ ಹತ್ರ ಇದನ್ನು?" ಎಂದು ಕಿರುಚಿದಳು. "ನನಗೆ ಯಾವ ಮಳೆಯೂ ಬೇಡ ಇತ್ತು! ಗೊತ್ತಿದ್ರೆ ನಾನು ಆ ಗಳಿಗೆಯೇ ಬರ್ತಿದ್ದೆ. ಅವಳ ಕಾಲು ಒತ್ತುತ್ತಿದ್ದೆ, ಗಂಜಿ ಕುಡಿಸ್ತಿದ್ದೆ. ನಾಲ್ಕು ತಿಂಗಳು, ಶೆರ್ಲಿನ್! ನಾಲ್ಕು ತಿಂಗಳು ಅವಳ ಹತ್ರ ಇರ್ಲಿಕ್ಕೆ ಆಗ್ತಿತ್ತು ನನಗೆ. ಅದನ್ನು ಕಿತ್ತುಕೊಂಡು ಈ ಗುಡ್ಡೆ ಕೊಟ್ಟಳಾ ನನಗೆ?"

ಚಾಪೆಗಳ ಮೇಲಿದ್ದವರು ತಿರುಗಿ ನೋಡಿದರು. ಕಪ್ಪು ಅಬಾಯಾ ತೊಟ್ಟ ಒಬ್ಬ ಒಮಾನಿ ಮುದುಕಿ ಎದ್ದು ಬಂದು, ಏನನ್ನೂ ಕೇಳದೆ ಟಿಶ್ಯೂ ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟು ಪಕ್ಕದಲ್ಲೇ ಕೂತಳು. ಅಷ್ಟು ಸಾಕಾಯಿತು, ಇಸಾಬೆಲ್ಲಾಳ ಅಳು ಒಡೆಯಿತು. ಮೇ ತಿಂಗಳಿಂದ ಒಳಗೇ ಇದ್ದ ಅಳು ಬಿಕ್ಕಿ ಬಿಕ್ಕಿ ಬಂತು. ತುಂಬ ಹೊತ್ತಿನ ಮೇಲೆ ಫೋನನ್ನು ಮತ್ತೆ ಕಿವಿಗೆ ಹಿಡಿದಳು. ಶೆರ್ಲಿನ್ ಇನ್ನೂ ಇದ್ದಳು.

"ಒಂದು ಹೇಳು ಮಗಾ. ಕೊನೆಗೆ ಅವಳು ನನ್ನನ್ನು ಕರೆದಳಾ?"

"ಬೇಡ ಮಾವ್ಶಿ, ಮತ್ತೆ ಹೇಳ್ತೇನೆ."

"ಈಗ ಹೇಳು."

"ಕರೆದ್ರು. ಎರಡು ದಿನ ಇಡೀ ಅಕ್ಕಾ, ಅಕ್ಕಾ ಅಂತ ಕರೀತಾ ಇದ್ರು. ನಾನು ನಿಮಗೆ ಫೋನ್ ಮಾಡ್ಲಿಕ್ಕೆ ಹೋದ್ರೆ ಬೇಡ ಅಂತ ನನ್ನ ಕೈ ಹಿಡೀತಿದ್ರು. ಕೈ ಹಿಡಿದುಕೊಂಡೇ ಮತ್ತೆ ಕರೀತಿದ್ರು."

ಇಸಾಬೆಲ್ಲಾ ಫೋನನ್ನು ಮಡಿಲಿನಲ್ಲಿಟ್ಟಳು. ಮುದುಕಿ ಅವಳ ಬೆನ್ನು ಸವರುತ್ತಿದ್ದಳು.

"ಬಂದೆ ಲಿಲ್ಲಿ," ಎಂದಳು ಇಸಾಬೆಲ್ಲಾ, ಎದುರಿನ ಮಂಜಿಗೆ ಕೇಳುವಷ್ಟು ಗಟ್ಟಿಯಾಗಿ. "ಬಂದೆ ಮಾರಾಯ್ತಿ, ಬಂದೆ."